ಕೊಡಗಿನ ಚಳಿಗಾಲಕ್ಕೆ ಕಾರು ಸಜ್ಜು ಮಾಡುವುದು: ಚಳಿಗಿಂತ ತೇವದ ಕಾಟವೇ ಹೆಚ್ಚು

ಕೊಡಗಿನಲ್ಲಿ ಕಾರಿಗೆ ಚಳಿಗಾಲದ ತಯಾರಿ ಅಂದರೆ ಮುಕ್ಕಾಲು ಪಾಲು ಮಳೆಗಾಲದ ಬಾಕಿ ತೀರಿಸುವುದೇ. ಹಿಮದ ದೇಶದವರು ಹೇಳುವ ಚಕ್ರದ ಚೈನು, ಚಳಿಗಾಲದ ಟೈರು ಯಾವುದೂ ಇಲ್ಲಿ ಬೇಡ. ಡಿಸೆಂಬರ್, ಜನವರಿಯ ಮುಂಜಾನೆ ಮಡಿಕೇರಿಯಲ್ಲಿ 10–12 ಡಿಗ್ರಿಗೆ ಇಳಿದರೆ ಅದೇ ದೊಡ್ಡ ಚಳಿ. ಆ ಚಳಿಗೆ ಒಳ್ಳೆಯ ಸ್ಥಿತಿಯಲ್ಲಿರುವ ಯಾವ ಕಾರೂ ಮುನಿಸಿಕೊಳ್ಳುವುದಿಲ್ಲ. ಮುನಿಸಿಕೊಳ್ಳುವುದು ಜೂನ್‌ನಿಂದ ನೆನೆದು ನೆನೆದು ಬ್ಯಾಟರಿಯ ತುದಿಯಲ್ಲಿ ಪುಡಿ ಕಟ್ಟಿಕೊಂಡ, ಬ್ರೇಕಿನೊಳಗೆ ಕೆಸರು ತುಂಬಿಕೊಂಡ, ಕಾರ್ಪೆಟ್ಟಿನಡಿ ಇನ್ನೂ ಹಸಿಯಾಗಿಯೇ ಇರುವ ಕಾರು. ಚಳಿ ಆ ದೋಷಗಳನ್ನು ಹೊರಗೆ ಹಾಕುತ್ತದೆ, ಅಷ್ಟೇ.

ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣ ಮುಗಿದ ಕೂಡಲೇ ಕೆಲಸಕ್ಕೆ ಕೈಹಾಕಬೇಡಿ. ಹಿಂಗಾರು ಇನ್ನೂ ಒಂದೆರಡು ಸಲ ಬಂದು ತೊಳೆದದ್ದನ್ನೆಲ್ಲ ಮತ್ತೆ ಕೆಸರು ಮಾಡುತ್ತದೆ. ನವೆಂಬರ್ ಕೊನೆ, ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ಆಸುಪಾಸು ಸರಿಯಾದ ಹೊತ್ತು. ಅದು ದಾಟಿದರೆ ಕಾಫಿ ಕೊಯ್ಲಿನ ಭರಾಟೆಯಲ್ಲಿ ಮನೆಯವರಿಗೂ ಪುರುಸೊತ್ತಿಲ್ಲ, ಗ್ಯಾರೇಜಿನವರಿಗೂ ಇಲ್ಲ.

ಮೊದಲು ತೊಳೆಯುವುದು, ಅದೂ ಅಡಿಯಿಂದ

ಬಾಡಿ ಹೊಳೆಯುವುದು ಆಮೇಲೆ. ಲಿಫ್ಟ್ ಇರುವ ಸರ್ವಿಸ್ ಸ್ಟೇಷನ್ನಿನಲ್ಲಿ ಕಾರು ಎತ್ತಿಸಿ ಅಡಿಭಾಗಕ್ಕೆ ಜೋರು ನೀರು ಹೊಡೆಸಿ. ಚಕ್ರದ ಮೇಲಿನ ಕಮಾನಿನೊಳಗೆ, ಪ್ಲಾಸ್ಟಿಕ್ ಲೈನರಿನ ಹಿಂದೆ, ತೋಟದ ದಾರಿಯ ಮಣ್ಣು ಮುಷ್ಟಿಗಟ್ಟಲೆ ಕೂತಿರುತ್ತದೆ. ಅದು ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ. ತುಕ್ಕು ಹುಟ್ಟುವುದೇ ಅಲ್ಲಿ. ಬಾಗಿಲಿನ ಕೆಳ ಅಂಚಿನಲ್ಲಿ ನೀರು ಇಳಿಯಲು ಎರಡು ಮೂರು ಸಣ್ಣ ಕಿಂಡಿಗಳಿರುತ್ತವೆ. ತೆಳ್ಳಗಿನ ಪ್ಲಾಸ್ಟಿಕ್ ಕಡ್ಡಿ ತೂರಿಸಿ ಬಿಡಿಸಿ. ಬಾಗಿಲು ಅಲ್ಲಾಡಿಸಿದಾಗ ಒಳಗೆ ನೀರು ಕುಲುಕಿದ ಸದ್ದು ಬಂದರೆ ಆ ಕಿಂಡಿಗಳು ಕಟ್ಟಿವೆ ಎಂದೇ ಅರ್ಥ.

ಅಡಿಗೆ ತುಕ್ಕುನಿರೋಧಕ ಕೋಟಿಂಗ್ ಹೊಡೆಸುವುದಿದ್ದರೆ ತೊಳೆದ ದಿನವೇ ಬೇಡ. ಎರಡು ಮೂರು ದಿನ ಬಿಸಿಲಿಗೆ ನಿಲ್ಲಿಸಿ, ಎದ್ದ ತುಕ್ಕನ್ನು ತಂತಿ ಬ್ರಷ್ಷಿನಿಂದ ಕೆರೆದು, ಆಮೇಲೆ ಹೊಡೆಸಿ. ಹಸಿ ಮಣ್ಣಿನ ಮೇಲೆ ಹೊಡೆದ ಕೋಟಿಂಗ್ ತೇವವನ್ನು ಒಳಗೇ ಕೂಡಿಹಾಕುತ್ತದೆ. ಹೊಡೆಸದೆ ಇದ್ದರೇ ವಾಸಿ.

ಇನ್ನು ಬಾನೆಟ್ ಎತ್ತಿ, ಮುಂಗಾಜಿನ ಬುಡದಲ್ಲಿ ವೈಪರ್‌ಗಳು ಹುಟ್ಟುವ ತೊಟ್ಟಿಯಂಥ ಜಾಗ ನೋಡಿ. ನೆರಳು ಮರದಡಿ ನಿಲ್ಲುವ ಕಾರುಗಳಲ್ಲಿ ಅಲ್ಲಿ ಸಿಲ್ವರ್ ಓಕ್ ಎಲೆ ಪದರ ಪದರವಾಗಿ ಕೊಳೆತು ಗೊಬ್ಬರವೇ ಆಗಿರುತ್ತದೆ. ಎರಡೂ ಮೂಲೆಯ ನೀರಿನ ದಾರಿ ಅದರಿಂದ ಕಟ್ಟಿದರೆ ಮಳೆನೀರು ಏಸಿಯ ಗಾಳಿ ಹೋಗುವ ಕಿಂಡಿಯಿಂದ ಕಾರಿನೊಳಗೆ ಇಳಿಯುತ್ತದೆ. ಎಲೆ ಕೈಯಲ್ಲೇ ಬಾಚಿ ತೆಗೆಯಿರಿ, ಒಂದು ಮಗ್ ನೀರು ಸುರಿಯಿರಿ. ನೀರು ನಿಲ್ಲದೆ ಚಕ್ರದ ಹಿಂದೆ ನೆಲಕ್ಕೆ ಇಳಿಯಬೇಕು.

ನೀರು ಆಗಲೇ ಒಳಗೆ ಬಂದಿದೆಯೋ ಎಂದು ತಿಳಿಯಲು ಹಳೆಯ ದಿನಪತ್ರಿಕೆ ಸಾಕು. ಮುಂದಿನ ಎರಡೂ ಸೀಟಿನ ಕಾಲಡಿಯ ಮ್ಯಾಟ್ ತೆಗೆದು, ನಾಲ್ಕು ಮಡಿಕೆ ಮಾಡಿದ ಪತ್ರಿಕೆಯನ್ನು ಕಾರ್ಪೆಟ್ಟಿನ ಮೇಲಿಟ್ಟು, ಮೇಲೆ ನಿಂತು ಒಂದು ನಿಮಿಷ ತುಳಿಯಿರಿ. ಪತ್ರಿಕೆ ಮೆತ್ತಗಾಗಿ ಬಣ್ಣ ತಿರುಗಿದರೆ ಕಾರ್ಪೆಟ್ಟಿನಡಿಯ ಸ್ಪಂಜು ನೀರು ಕುಡಿದಿದೆ. ಎರಡು ದಿನ ಕಿಟಕಿ ಇಳಿಸಿ ಬಿಸಿಲಿಗಿಟ್ಟರೆ ಮೇಲ್ಮೈ ಮಾತ್ರ ಒಣಗುತ್ತದೆ. ಬಾಗಿಲಿನಂಚಿನ ಪಟ್ಟಿ ಕಳಚಿ, ಕಾರ್ಪೆಟ್ ಎತ್ತಿ, ಅಡಿಗೆ ಎರಡು ಮರದ ತುಂಡು ಕೊಟ್ಟು ಒಣಗಿಸಬೇಕು. ಇಷ್ಟು ಯಾಕೆ ಅಂದರೆ, ಚಳಿಯ ಬೆಳಿಗ್ಗೆ ಗಾಜಿನ ಒಳಗೆ ಮಸುಕು ಕಟ್ಟುವ ನೀರು ಬರುವುದೇ ಈ ಕಾರ್ಪೆಟ್ಟಿನಿಂದ.

ಗಾಜು

ಒಳಗಿನ ಮಸುಕು ಬಿಡಿಸಲು ಬಹಳ ಜನ ಮಾಡುವ ತಪ್ಪು ಎರಡು: ಅಂಗೈಯಿಂದ ಒರೆಸುವುದು, ಮತ್ತು ಚಳಿ ಎಂದು ಏಸಿ ಆರಿಸುವುದು. ಅಂಗೈಯ ಜಿಡ್ಡು ಗಾಜಿಗೆ ಅಂಟಿ ಮರುದಿನ ಅದೇ ಜಾಗದಲ್ಲಿ ಇನ್ನಷ್ಟು ಮಸುಕು ಹಿಡಿಯುತ್ತದೆ, ಎದುರಿನ ಲೈಟು ಬಿದ್ದಾಗ ಚದುರುತ್ತದೆ. ಏಸಿಯ ವಿಷಯಕ್ಕೆ ಬಂದರೆ, ಅದು ತಣ್ಣಗೆ ಮಾಡುವುದರ ಜೊತೆಗೆ ಗಾಳಿಯ ತೇವವನ್ನೂ ಹಿಂಡುತ್ತದೆ. ಚಳಿಗಾಲದಲ್ಲಿ ನಮಗೆ ಬೇಕಾದದ್ದು ಈ ಎರಡನೆಯದು. ಗಾಳಿ ಮುಂಗಾಜಿನ ಕಡೆಗೆ ತಿರುಗಿಸಿ, ಏಸಿ ಹಾಕಿ, ತಾಪದ ಗುಂಡಿಯನ್ನು ಬಿಸಿಯ ಕಡೆಗೆ ತಿರುವಿ, ಹೊರಗಿನ ಗಾಳಿ ಒಳಗೆ ಬರುವಂತೆ ಮಾಡಿ. ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಒತ್ತಿದ್ದರೆ ಐದು ಜನರ ಉಸಿರು ಒಳಗೇ ತಿರುಗುತ್ತಿರುತ್ತದೆ, ಮಸುಕು ಬಿಡುವುದಿಲ್ಲ. ಸರಿಯಾಗಿದ್ದರೆ ಎರಡು ಮೂರು ನಿಮಿಷದಲ್ಲಿ ಗಾಜು ತಿಳಿಯಾಗಬೇಕು. ಹಿಂದಿನ ಗಾಜಿನ ಡಿಫಾಗರ್ ಹತ್ತು ನಿಮಿಷ ಸಾಕು, ಅದು ಬ್ಯಾಟರಿಯನ್ನು ಚೆನ್ನಾಗಿ ಎಳೆಯುತ್ತದೆ.

ಮಸುಕು ಗಾಜಿನ ಹೊರಗೋ ಒಳಗೋ ಎಂದು ಮೊದಲು ನೋಡಿಕೊಳ್ಳಿ. ವೈಪರ್ ಒಂದು ಸಲ ಬೀಸಿದರೆ ಹೋಗುವುದಾದರೆ ಅದು ಹೊರಗಿನದು. ಮಡಿಕೇರಿಯಿಂದ ಘಾಟಿ ಇಳಿದು, ಸಂಪಾಜೆ ದಾಟಿ ಸುಳ್ಯದ ಕಡೆಯ ಬಿಸಿ ಗಾಳಿಗೆ ಬಂದಾಗ, ಏಸಿಯಿಂದ ತಣ್ಣಗಾದ ಗಾಜಿನ ಹೊರಮೈಗೆ ನೀರು ಕೂರುತ್ತದೆ. ಆಗ ಉಪಾಯ ಉಲ್ಟಾ: ಗಾಜಿಗೆ ಹೊಡೆಯುವ ತಣ್ಣನೆ ಗಾಳಿ ತಪ್ಪಿಸಬೇಕು.

ಗಾಜನ್ನು ಒಳಗಿನಿಂದ ತಿಂಗಳಿಗೊಮ್ಮೆಯಾದರೂ ಗ್ಲಾಸ್ ಕ್ಲೀನರ್ ಹಾಕಿ, ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಹೊರಗೆ ಹಾಗೆಯೇ ಕುಳಿತ ಎಣ್ಣೆ ಪದರಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಎರಡು ಹನಿ ಅರ್ಧ ಬಕೆಟ್ ನೀರಿಗೆ ಸಾಕು. ಆಮೇಲೆ ಬರಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ನಾಲ್ಕು ತಿಂಗಳು ಎಡೆಬಿಡದೆ ಬೀಸಿದ ವೈಪರ್ ರಬ್ಬರು ಗೆರೆ ಬಿಡುತ್ತಿದ್ದರೆ ಬದಲಿಸಿ. ಮಳೆ ಮುಗಿಯಿತಲ್ಲ, ಇನ್ಯಾಕೆ ಹೊಸದು ಅನ್ನುವ ಲೆಕ್ಕ ಇಬ್ಬನಿಯ ಊರಿನಲ್ಲಿ ನಡೆಯುವುದಿಲ್ಲ. ಏಸಿಯ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ಬಹುತೇಕ ಕಾರುಗಳಲ್ಲಿ ಗ್ಲೋವ್ ಬಾಕ್ಸಿನ ಹಿಂದೆ ಇರುತ್ತದೆ. ಎಳೆದು ಮೂಸಿ ನೋಡಿ. ಬೂಷ್ಟಿನ ವಾಸನೆ ಬಂದರೆ ತೊಳೆಯಲು ಹೋಗದೆ ಹೊಸದು ಹಾಕಿ.

ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ

ಸೆಲ್ಫ್ ಹೊಡೆದಾಗ ಎಳೆದೆಳೆದು ತಿರುಗುವ ಎಂಜಿನ್ನಿಗೆ ಚಳಿಯನ್ನು ಬೈದು ಫಲವಿಲ್ಲ. ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್ ಇಟ್ಟುಕೊಳ್ಳಿ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.4 ಆದರೆ ಮುಕ್ಕಾಲು, 12.2ಕ್ಕಿಂತ ಕಡಿಮೆಯಾದರೆ ಚಾರ್ಜಿಗೆ ಹಾಕಬೇಕು. ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ ಮೀಟರ್ ನೋಡುತ್ತಿರಿ: 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯ ಆಯಸ್ಸು ಮುಗಿಯುತ್ತ ಬಂದಿದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರೊಳಗೆ ಇರಬೇಕು. 13ರ ಆಸುಪಾಸೇ ನಿಂತರೆ ತಪ್ಪು ಬ್ಯಾಟರಿಯದ್ದಲ್ಲ, ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಅಥವಾ ಅದರ ಬೆಲ್ಟಿನದ್ದು. ಇದನ್ನು ನೋಡದೆ ಹೊಸ ಬ್ಯಾಟರಿ ಹಾಕಿಸಿದವರು ಎರಡು ವಾರದಲ್ಲಿ ಮತ್ತೆ ತಳ್ಳುತ್ತಿರುತ್ತಾರೆ.

ಆದರೆ ಮಳೆಗಾಲ ಕಳೆದ ಕಾರಿನಲ್ಲಿ ಎಷ್ಟೋ ಸಲ ಬ್ಯಾಟರಿ ಚೆನ್ನಾಗಿಯೇ ಇದ್ದು, ಟರ್ಮಿನಲ್ಲಿನ ಬಿಳಿ, ಹಸಿರು ಪುಡಿ ಕರೆಂಟನ್ನು ತಡೆದಿರುತ್ತದೆ. 10ನೇ ನಂಬರ್ ಸ್ಪ್ಯಾನರ್ ಹೆಚ್ಚಿನ ಕಾರುಗಳಿಗೆ ಸಾಕು. ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡ ಕಲಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ನೊರೆ ಬಂದು ಪುಡಿ ಕರಗುತ್ತದೆ. ನೀರು ಬೇರೆ ವೈರಿಂಗಿನ ಮೇಲೆ ಹರಿಯದಂತೆ ನೋಡಿಕೊಳ್ಳಿ. ಒರೆಸಿ ಒಣಗಿಸಿ, ಮೊದಲು ಪ್ಲಸ್, ಕೊನೆಗೆ ಮೈನಸ್ ಬಿಗಿದು, ಮೇಲೆ ವ್ಯಾಸಲಿನ್ ಸವರಿ. ಬಿಗಿಯುವ ಮೊದಲೇ ಮೆತ್ತುವುದು ಬೇಡ, ಲೋಹಕ್ಕೆ ಲೋಹ ಮುಟ್ಟಬೇಕು.

ಡೀಸೆಲ್ ಕಾರಾದರೆ ಕೀ ತಿರುಗಿಸಿದಾಗ ಸುರುಳಿಯ ಚಿತ್ರದ ದೀಪ ಆರುವವರೆಗೆ ಕಾಯಿರಿ. ಅದು ಎಂಜಿನ್ನಿನೊಳಗೆ ಬಿಸಿ ಕೊಡುವ ಗ್ಲೋ ಪ್ಲಗ್ ಇನ್ನೂ ಬಿಸಿಯಾಗುತ್ತಿರುವ ಸೂಚನೆ. ಕಾದ ಮೇಲೂ ನಾಲ್ಕೈದು ಸಲ ಸೆಲ್ಫ್ ಬೇಕಾಗಿ, ಹೊತ್ತಿದ ಮೇಲೆ ಬಿಳಿ ಹೊಗೆ, ನಡುಕ ಬಂದು ಒಂದು ನಿಮಿಷದಲ್ಲಿ ಸರಿಹೋದರೆ ಒಂದೋ ಎರಡೋ ಗ್ಲೋ ಪ್ಲಗ್ ಸತ್ತಿವೆ. ಡೀಸೆಲ್ ಫಿಲ್ಟರಿನ ಅಡಿಯಲ್ಲಿ ನೀರು ಬಿಡುವ ತಿರುಪು ಇದ್ದರೆ, ಪಾರದರ್ಶಕ ಬಾಟಲಿ ಹಿಡಿದು ಸಡಿಲಿಸಿ. ನೀರು ಡೀಸೆಲ್‌ಗಿಂತ ಭಾರ, ಅಡಿಯಲ್ಲಿರುತ್ತದೆ. ಅದೇ ಮೊದಲು ಬರುತ್ತದೆ. ತಿಳಿ ಡೀಸೆಲ್ ಬಂದಾಗ ಮುಚ್ಚಿ. ತೋಟದ ಮನೆಯಲ್ಲಿ ಬ್ಯಾರಲ್ಲಿನಲ್ಲಿ ಡೀಸೆಲ್ ಇಡುವವರಿಗೆ ಒಂದು ಮಾತು: ಹಗಲು ಬಿಸಿಲು, ರಾತ್ರಿ ಚಳಿಗೆ ಅರ್ಧ ಖಾಲಿ ಬ್ಯಾರಲ್ಲಿನೊಳಗೆ ನೀರಹನಿ ಕಟ್ಟಿ ಅಡಿಗೆ ಇಳಿಯುತ್ತದೆ. ತಳದ ನಾಲ್ಕು ಬೆರಳಿನಷ್ಟನ್ನು ಕಾರಿಗೆ ಹಾಕಲೇಬೇಡಿ. ಹಳೆಯ ಟ್ರ್ಯಾಕ್ಟರ್ ಸಹಿಸಿಕೊಂಡೀತು, ಈಗಿನ ಕಾಮನ್ ರೈಲ್ ಡೀಸೆಲ್ ಎಂಜಿನ್ನಿನಲ್ಲಿ ಇಂಧನ ಚಿಮ್ಮಿಸುವ ಇಂಜೆಕ್ಟರ್ ಸಹಿಸುವುದಿಲ್ಲ. ಪೆಟ್ರೋಲಿನಲ್ಲಿ ಈಗ ಶೇ 20ರವರೆಗೆ ಎಥನಾಲ್ ಇರುತ್ತದೆ, ಅದೂ ನೀರು ಹೀರುತ್ತದೆ. ವಾರಗಟ್ಟಲೆ ನಿಲ್ಲುವ ಕಾರಿನ ಟ್ಯಾಂಕನ್ನು ಅರ್ಧಕ್ಕಿಂತ ಮೇಲೆಯೇ ಇಡಿ.

ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಅದರ ಒಳಗೆ ಹಾಲು ಬೆರೆಸಿದ ಕಾಫಿ ಬಣ್ಣದ ಕೆನೆ ಕಂಡರೆ ಗಾಬರಿ ಬೇಡ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಎಂದು ಎರಡೆರಡು ಕಿಲೋಮೀಟರ್ ಓಡುವ ಕಾರಿನಲ್ಲಿ ಎಂಜಿನ್ ಪೂರ್ತಿ ಕಾಯದೆ ತೇವ ಒಳಗೇ ಉಳಿಯುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿದರೆ ಹೋಗುತ್ತದೆ. ಡಿಪ್‌ಸ್ಟಿಕ್ಕಿನಲ್ಲೂ ಅದೇ ಬಣ್ಣವಿದ್ದು, ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಇಳಿಯುತ್ತಿದ್ದರೆ ಮಾತ್ರ ಅದು ಎಂಜಿನ್ ತಲೆಯ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್, ಹೋದ ಕಥೆ. ಆಗ ಓಡಿಸುವುದು ನಿಲ್ಲಿಸಿ. ಚಳಿಗಾಲಕ್ಕೆಂದು ಆಯಿಲ್ ಗ್ರೇಡ್ ಬದಲಿಸುವ ಅಗತ್ಯ ಇಲ್ಲಿಲ್ಲ, ಕಾರಿನ ಪುಸ್ತಕದಲ್ಲಿ ಬರೆದದ್ದನ್ನೇ ಹಾಕಿ. ಕೂಲಂಟ್ ಕೂಡ ಹೆಪ್ಪುಗಟ್ಟೀತೆಂದಲ್ಲ, ತುಕ್ಕು ಹಿಡಿಯದಿರಲಿ, ಘಾಟಿ ಹತ್ತುವಾಗ ಕುದಿಯದಿರಲಿ ಎಂದು ಬೇಕು. ಬೆರೆಸುವಂಥದ್ದಾದರೆ ಡಿಸ್ಟಿಲ್ಡ್ ವಾಟರಿನ ಜೊತೆ ಅರ್ಧಕ್ಕರ್ಧ; ಬೋರ್‌ವೆಲ್ ನೀರು ಬೇಡ.

ಸ್ಟಾರ್ಟ್ ಆದ ಮೇಲೆ ಹತ್ತು ನಿಮಿಷ ನಿಂತಲ್ಲೇ ಗುರುಗುಟ್ಟಿಸುವ ಅಭ್ಯಾಸ ಬಿಡಿ. ಅರ್ಧ ನಿಮಿಷ ಸಾಕು. ಆಮೇಲೆ ಮೊದಲ ಎರಡು ಮೂರು ಕಿಲೋಮೀಟರ್ 2,000 ಆರ್‌ಪಿಎಂ ಮೀರದಂತೆ ಮೆಲ್ಲಗೆ ಓಡಿಸಿದರೆ ಎಂಜಿನ್ ಬೇಗ ಕಾಯುತ್ತದೆ. ಬಾಗಿಲು ಹಾಕಿದ ಶೆಡ್ಡಿನಲ್ಲಂತೂ ಎಂಜಿನ್ ಓಡಿಸಿಟ್ಟು ನಿಲ್ಲಲೇಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಗೊತ್ತಾಗುವಷ್ಟರಲ್ಲಿ ಕೈಕಾಲು ಕೇಳುವುದಿಲ್ಲ.

ಬ್ರೇಕು, ಟೈರು

ಬೆಳಿಗ್ಗೆ ಮೊದಲ ಸಲ ಬ್ರೇಕ್ ಒತ್ತಿದಾಗ ಗರ್ರ್ ಎಂದರೆ ಅದು ರಾತ್ರಿಯ ಇಬ್ಬನಿಗೆ ಡಿಸ್ಕಿನ ಮೇಲೆ ಎದ್ದ ತೆಳು ತುಕ್ಕು. ನಾಲ್ಕೈದು ಸಲ ಒತ್ತುವಷ್ಟರಲ್ಲಿ ಉಜ್ಜಿ ಹೋಗುತ್ತದೆ. ದಿನವಿಡೀ ಸದ್ದು ಬಂದರೆ ಬೇರೆ ಮಾತು. ಚಕ್ರ ಬಿಚ್ಚಿಸಿ, ಪ್ಯಾಡ್ 3 ಮಿಲಿಮೀಟರಿಗಿಂತ ತೆಳುವಾಗಿದ್ದರೆ ಬದಲಿಸಿ, ಕ್ಯಾಲಿಪರಿನ ಪಿನ್ ಒಣಗಿದ್ದರೆ ಅದಕ್ಕೆಂದೇ ಇರುವ ಗ್ರೀಸ್ ಹಾಕಿಸಿ. ಹಿಂದಿನ ಡ್ರಮ್ ತೆಗೆಸಿ ಒಳಗಿನ ಮಣ್ಣು ಕೊಡವಿಸುವುದನ್ನು ಗ್ಯಾರೇಜಿನವರು ತಾವಾಗಿ ಮಾಡುವುದು ಕಡಿಮೆ, ಬಾಯಿಬಿಟ್ಟು ಹೇಳಬೇಕು.

ಬ್ರೇಕ್ ಆಯಿಲ್ ಬದಲಿಸಿ ಎರಡು ವರ್ಷವಾಗಿದ್ದರೆ ಈ ಸಲ ತಪ್ಪಿಸಬೇಡಿ. ಅದು ಗಾಳಿಯ ತೇವ ಹೀರುತ್ತದೆ, ಕೊಡಗಿನ ಮಳೆಗಾಲದಲ್ಲಿ ಹೀರಲು ಬೇಕಾದಷ್ಟಿದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು; ನೀರು ಹೀರಿದ ಮೇಲೆ ಅದರ ಮಟ್ಟ 155ಕ್ಕೆ ಇಳಿಯುತ್ತದೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುತ್ತ, ಕಾರು ತುಂಬ ಜನ ಕೂರಿಸಿಕೊಂಡು ಬ್ರೇಕಿನ ಮೇಲೇ ಕಾಲಿಟ್ಟುಕೊಂಡು ಹೋದರೆ ಬ್ರೇಕು ಅಷ್ಟು ಬಿಸಿಯಾಗುವುದು ಕಷ್ಟವೇನಲ್ಲ. ಆಯಿಲ್ ಕುದಿದು ಪೈಪಿನಲ್ಲಿ ಆವಿ ಕಟ್ಟಿದರೆ ಪೆಡಲ್ ಸ್ಪಂಜಿನಂತೆ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಹತ್ತಲು ಯಾವ ಗೇರು ಬೇಕಾಯಿತೋ ಇಳಿಯಲೂ ಅದೇ ಗೇರು ಎಂಬ ಹಳೆಯ ಡ್ರೈವರ್‌ಗಳ ಮಾತು ಇವತ್ತಿಗೂ ಸರಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡುವವರ ಲೆಕ್ಕ ಮಾತ್ರ ತಪ್ಪು: ಈಗಿನ ಇಂಜೆಕ್ಷನ್ ಎಂಜಿನ್ ಗೇರಿನಲ್ಲಿದ್ದು ಇಳಿಯುವಾಗ ಇಂಧನವನ್ನೇ ನಿಲ್ಲಿಸುತ್ತದೆ, ನ್ಯೂಟ್ರಲ್‌ನಲ್ಲಿ ಕುಡಿಯುತ್ತದೆ. ಇವಿ (ವಿದ್ಯುತ್ ಕಾರು) ಇದ್ದವರು ಮಡಿಕೇರಿಯಲ್ಲಿ ಶೇ 100 ಚಾರ್ಜ್ ಮಾಡಿಕೊಂಡು ಘಾಟಿ ಇಳಿಯಬೇಡಿ. ಬ್ಯಾಟರಿ ತುಂಬಿದ್ದರೆ ರೀಜನ್ ಬ್ರೇಕಿಂಗ್ (ಮೋಟಾರೇ ಕಾರನ್ನು ತಡೆದು ಬ್ಯಾಟರಿಗೆ ಚಾರ್ಜ್ ಕೊಡುವುದು) ಸರಿಯಾಗಿ ಹಿಡಿಯುವುದಿಲ್ಲ; 80–85ಕ್ಕೆ ನಿಲ್ಲಿಸಿದರೆ ಇಳಿಜಾರಿನಲ್ಲಿ ಸಿಗುವ ಚಾರ್ಜಿಗೆ ಜಾಗ ಉಳಿಯುತ್ತದೆ.

ಹಲವು ದಿನ ನಿಲ್ಲಿಸುವ ಕಾರಿಗೆ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ತೇವಕ್ಕೆ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ.

ಟೈರಿನ ಗಾಳಿಯನ್ನು ಮನೆಯಲ್ಲೇ, ಬೆಳಿಗ್ಗೆ, ಕಾರು ಹೊರಡುವ ಮೊದಲೇ ಅಳೆಯಿರಿ. ತಾಪ 10 ಡಿಗ್ರಿ ಇಳಿದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಇಳಿಯುತ್ತದೆ. ಓಡಿ ಬಿಸಿಯಾದ ಟೈರಿಗೆ ಕರಾವಳಿಯ ಬಂಕಿನಲ್ಲಿ 33 ಹಾಕಿಸಿಕೊಂಡು ಬಂದವರು ಮರುದಿನ ಮಡಿಕೇರಿಯಲ್ಲಿ ಅಳೆದರೆ ಅಷ್ಟಿರುವುದಿಲ್ಲ. ಎತ್ತರಕ್ಕೆ ಬಂದುದಕ್ಕೆ ಗೇಜ್ ಒಂದೂವರೆ ಎರಡು ಪಿಎಸ್‌ಐ ಹೆಚ್ಚು ತೋರಿಸುವುದೂ ಇದೆ, ಹಾಗಾಗಿ ಬಾಯಿಲೆಕ್ಕ ಹಾಕುತ್ತ ಕೂರುವುದಕ್ಕಿಂತ ಸ್ವಂತ ಗೇಜಿನಲ್ಲಿ ಅಳೆದು, ಡ್ರೈವರ್ ಬಾಗಿಲಿನ ಪಕ್ಕದ ಚೀಟಿಯಲ್ಲಿರುವಷ್ಟು ಹಾಕುವುದು ಸುಲಭ. ಟೈರಿನ ಗೀರಿನ ಆಳ 1.6 ಮಿಲಿಮೀಟರಿಗೆ ಇಳಿಯುವವರೆಗೆ ಕಾನೂನು ಒಪ್ಪುತ್ತದೆ. ಇಬ್ಬನಿ ಬಿದ್ದ ಘಾಟಿಗೆ 3ಕ್ಕಿಂತ ಕಡಿಮೆ ಬೇಡ. ಬದಿಯಲ್ಲಿ ಅಚ್ಚಾದ ನಾಲ್ಕು ಅಂಕಿ ಓದಿ: 3219 ಅಂದರೆ 2019ರ 32ನೇ ವಾರದ ಟೈರು, ಗೀರು ಉಳಿದಿದ್ದರೂ ರಬ್ಬರಿಗೆ ವಯಸ್ಸಾಗಿದೆ. ಸ್ಟೆಪ್ನಿಗೂ ಗಾಳಿ ನೋಡಿ.

ಮಂಜು, ಲೈಟು

ಚಳಿಗಾಲದ ಮಂಜು ಮಳೆಗಾಲದ್ದರಂತಲ್ಲ. ಗುಡ್ಡದ ನೆತ್ತಿಯಲ್ಲಿ ಬಿಸಿಲು, ಗದ್ದೆ ಬಯಲಿಗೆ ಇಳಿದ ಕೂಡಲೇ ಎದುರಿನ ಬಾನೆಟ್ಟಿನಾಚೆ ಏನೂ ಕಾಣದು. ಅದಕ್ಕೇ ಇಳಿಜಾರಿನಲ್ಲೇ ವೇಗ ತಗ್ಗಿಸಿ, ಲೈಟ್ ಡಿಮ್‌ಗೆ ತನ್ನಿ. ಹೈಬೀಮ್ ಹಾಕಿದರೆ ಮಂಜಿನ ಹನಿಗಳು ಬೆಳಕನ್ನು ನಿಮ್ಮ ಕಣ್ಣಿಗೇ ವಾಪಸು ಎಸೆಯುತ್ತವೆ. ಫಾಗ್ ಲ್ಯಾಂಪ್ ಕೆಳಗಿರುವುದೇ ಮಂಜಿನಡಿಯ ರಸ್ತೆ ಬೆಳಗಲೆಂದು. ಮಳೆಗಾಲದಲ್ಲಿ ಅದರೊಳಗೆ ನೀರು ಸೇರಿದೆಯೋ, ಹೋಲ್ಡರ್ ತುಕ್ಕು ಹಿಡಿದಿದೆಯೋ ಈಗಲೇ ನೋಡಿ. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸಬೇಡಿ: ನೀವು ನಿಂತಿದ್ದೀರೋ ತಿರುಗುತ್ತೀರೋ ಹಿಂದಿನವರಿಗೆ ತಿಳಿಯದು.

ಗಂಟೆಗೆ 40 ಕಿಲೋಮೀಟರಿನಲ್ಲಿ ಕಾರು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ, 60ರಲ್ಲಿ ಸುಮಾರು 17. ಕಾಲು ಬ್ರೇಕಿಗೆ ಹೋಗುವ ಮೊದಲೇ ಆ ಒಂದು ಸೆಕೆಂಡ್ ಕಳೆದಿರುತ್ತದೆ. ಮುಂದೆ 20 ಮೀಟರ್ ಮಾತ್ರ ಕಾಣುತ್ತಿದ್ದರೆ 40 ಕೂಡ ಹೆಚ್ಚೇ. ಕೊಯ್ಲಿನ ಕಾಲದಲ್ಲಿ ಕಾಫಿ ಮೂಟೆ ಹೇರಿದ ಟ್ರ್ಯಾಕ್ಟರ್, ಪಿಕಪ್‌ಗಳು ಹಿಂದಿನ ದೀಪವಿಲ್ಲದೆ ನಿಧಾನ ಹೋಗುತ್ತಿರುತ್ತವೆ ಎಂಬುದು ತಲೆಯಲ್ಲಿರಲಿ. ಸ್ವಂತ ಟ್ರೇಲರ್ ಇದ್ದವರು ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿದರೆ ಬೇರೆಯವರ ಕಾರೂ ಉಳಿಯುತ್ತದೆ. ತಿರುವುಗಳಲ್ಲಿ ಕಿಟಕಿ ಎರಡು ಬೆರಳು ಇಳಿಸಿ ಕಿವಿ ಕೊಡಿ, ಹಾರ್ನ್ ಹಾಕಿ.

ಹಾರ್ನ್ ಹಾಕಬಾರದ ಒಂದೇ ಸಂದರ್ಭ ಆನೆ. ಗದ್ದೆ ಮಾಗುವ ಹೊತ್ತಿಗೆ ಸಿದ್ದಾಪುರ, ವಿರಾಜಪೇಟೆ ಕಡೆಯ ತೋಟದ ರಸ್ತೆಗಳಲ್ಲಿ ಮುಂಜಾನೆ, ಮುಸ್ಸಂಜೆ ಎದುರಾಗುವುದು ಹೊಸತಲ್ಲ. ದೂರದಲ್ಲೇ ನಿಲ್ಲಿಸಿ, ಹೈಬೀಮ್ ಇದ್ದರೆ ತಗ್ಗಿಸಿ, ಎಂಜಿನ್ ಆರಿಸದೆ, ಕಾರಿಂದ ಇಳಿಯದೆ ಮೆಲ್ಲಗೆ ಹಿಂದಕ್ಕೆ ಹೋಗಿ. ರಿವರ್ಸ್ ಲೈಟ್ ಉರಿಯುತ್ತದೆಯೇ ಎಂದು ನೋಡಿಟ್ಟುಕೊಳ್ಳುವುದು ಇದಕ್ಕೇ.

ಇಲಿ

ಗದ್ದೆ ಕೊಯ್ಲಾದ ಮೇಲೆ ಇಲಿಗಳಿಗೆ ಬೆಚ್ಚಗಿನ ಮನೆ ಬೇಕು; ಸಂಜೆ ಬಂದು ನಿಂತ ಕಾರಿನ ಎಂಜಿನ್ನಿಗಿಂತ ಬೆಚ್ಚನೆಯ ಜಾಗ ಶೆಡ್ಡಿನಲ್ಲಿ ಇನ್ನೊಂದಿಲ್ಲ. ಎಂಜಿನ್ ಮೇಲೆ ಒಣಹುಲ್ಲು, ಹಿಕ್ಕೆ, ಕಡಿದ ಸ್ಪಂಜು ಕಂಡರೆ ಸ್ಟಾರ್ಟ್ ಮಾಡುವ ಮೊದಲು ವೈರಿಂಗ್ ನೋಡಿ. ರಾತ್ರಿ ಬಾನೆಟ್ ಎತ್ತಿಟ್ಟು ಮೇಲೊಂದು ಎಲ್‌ಇಡಿ ಬಲ್ಬ್ ಉರಿಸುವುದು ಹೆಚ್ಚಿನವರ ಉಪಾಯ. ಕತ್ತಲೆ, ಕಾವು ಎರಡೂ ತಪ್ಪುವುದರಿಂದ ಇಲಿ ನಿಲ್ಲುವುದು ಕಡಿಮೆ. ನುಸಿಗುಳಿಗೆಯ ವಾಸನೆ ಕೆಲವೇ ದಿನ, ಅದೂ ಏಸಿಯ ಮೂಲಕ ನಿಮ್ಮ ಮೂಗಿಗೇ ಬರುತ್ತದೆ. ಬ್ಲೋವರ್ ಕಿಂಡಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಹಾಕಿಸುವುದು ಅದಕ್ಕಿಂತ ಒಳ್ಳೆಯದು. ಬೆಕ್ಕು ಸಾಕಿದವರು ಬೆಳಿಗ್ಗೆ ಬಾನೆಟ್ಟಿಗೆ ಎರಡು ಸಲ ಬಡಿದು ಸ್ಟಾರ್ಟ್ ಮಾಡಿ, ಇಲಿ ಹಿಡಿಯುವವರೂ ಅಲ್ಲೇ ಮಲಗಿರುತ್ತಾರೆ.

ಡಿಕ್ಕಿಯಲ್ಲಿ ಜಂಪರ್ ಕೇಬಲ್, ಟಾರ್ಚ್, ಎಳೆಯುವ ಹಗ್ಗ, ಅದನ್ನು ಕಾರಿಗೆ ಸಿಕ್ಕಿಸುವ ಕಬ್ಬಿಣದ ಕೊಕ್ಕೆ, ತ್ರಿಕೋನ ರಿಫ್ಲೆಕ್ಟರ್, ಒಂದು ಕಂಬಳಿ ಇರಲಿ. ಮಾಕುಟ್ಟ, ಕರಿಕೆ ಕಡೆಯ ದಾರಿಯಲ್ಲಿ ಎಲ್ಲೆಡೆ ನೆಟ್‌ವರ್ಕ್ ಸಿಗುತ್ತದೆಂಬ ನಂಬಿಕೆಯಲ್ಲಿ ಹೊರಡಬೇಡಿ. ಬೇಕಾದ ನಂಬರ್‌ಗಳನ್ನು ಚೀಟಿಯಲ್ಲಿ ಬರೆದಿಡಿ. ಜಂಪರ್ ಜೋಡಿಸುವಾಗ ಕೆಂಪು ಸತ್ತ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ತುದಿ ಒಳ್ಳೆಯದರ ಪ್ಲಸ್‌ಗೆ. ಕಪ್ಪು ಒಳ್ಳೆಯದರ ಮೈನಸ್‌ಗೆ, ಕೊನೆಯ ತುದಿ ನಿಂತ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ. ಬ್ಯಾಟರಿಯ ಮೈನಸ್‌ಗೇ ಕೊಟ್ಟರೆ ಕಿಡಿ ಹಾರುವುದು ಅದರ ಗ್ಯಾಸಿನ ಪಕ್ಕದಲ್ಲೇ.

ಜನವರಿ ಹೊತ್ತಿಗೆ ಕೆಸರೆಲ್ಲ ಕೆಂಧೂಳಾಗಿರುತ್ತದೆ. ಏರ್ ಫಿಲ್ಟರ್ ಒಮ್ಮೆ ತೆಗೆದು ಕೊಡವಿ ನೋಡಿ, ನೆನೆದು ಅಂಟಿಕೊಂಡಿದ್ದರೆ ಬದಲಿಸಿ. ಆಮೇಲೆ ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬರುತ್ತದೆ. ತಿಂಗಳುಗಳ ಧೂಳು, ಡೀಸೆಲ್ ಜಿಡ್ಡು ಮೊದಲ ಅರ್ಧ ಗಂಟೆ ರಸ್ತೆಯ ಮೇಲೆ ಸೋಪಿನಂತಾಗುತ್ತದೆ. ಚೆನ್ನಾಗಿ ಹೊಯ್ದು ತೊಳೆದ ಮೇಲೆ ಹೊರಡಬಹುದು. ಅಲ್ಲಿಯವರೆಗೆ ಘಾಟಿಯಲ್ಲಿದ್ದರೆ ಎಲ್ಲಾದರೂ ಬದಿಗೆ ನಿಲ್ಲಿಸಿ.